ಮರಕ್ಕೆ ಕಟ್ಟಿದ ಮಗ

"ನಾನು ಇಷ್ಟ್ ದಪ್ಪ ಇಲ್ಲ ಮಾವ," ಎಂದ ಉತು.

ಕೊಚೋಯ ತಲೆ ಎತ್ತಲಿಲ್ಲ. ನೆನೆಸಿದ ಎತ್ತಿನ ತೊಗಲನ್ನು ಮೊಣಕಾಲುಗಳ ನಡುವೆ ಅದುಮಿಕೊಂಡು, ಮೂಳೆಯ ದಬ್ಬಣದಿಂದ ತೂತು ಹೊಡೆದು, ಅಗಸೆನಾರಿನ ಹುರಿ ಎಳೆಯುತ್ತಿದ್ದ. ತೊಗಲಿನೊಳಗೆ ಬೆಳಿಗ್ಗೆ ಕತ್ತು ಮುರಿದ ಹೋತ ಮಲಗಿತ್ತು. ಅದರ ಕಾಲ ಕಡೆಗೆ ತೂಕ ಬರಲೆಂದು ಒದ್ದೆ ಮಣ್ಣಿನ ಹೆಂಟೆಗಳನ್ನು ಹಾಕಿದ್ದರು. ಕೊಂಬುಗಳನ್ನು ಕೊಯ್ದು ಒಲೆಗೆ ಎಸೆದಿದ್ದರಿಂದ ಮನೆಯೆಲ್ಲ ಸುಟ್ಟ ವಾಸನೆ.

"ಸತ್ತೋರು ಊದ್ಕೋತಾರೆ ಕಣೋ. ಸತ್ ನೋಡು, ಗೊತ್ತಾಗತ್ತೆ."

"ಬಿಡ್ತು ಅನ್ನೋ!" ಉತುವಿನ ಅಮ್ಮ ಜಾಜು ತನ್ನ ತಮ್ಮ ಕೊಚೋಯನ ಬೆನ್ನಿಗೆ ಗುದ್ದಿದಳು. "ಬಾಯಿಗೆ ಬಂದಂಗೆ ಮಾತಾಡ್ತಾನೆ."

"ಬಿಡ್ತು, ಬಿಡ್ತು. ಅಕ್ಕ, ಯಾರಾದ್ರೂ ವಾಸನೆ ಏನು ಅಂದ್ರೆ ಜ್ವರಕ್ಕೆ ಕೊಂಬಿನ ಹೊಗೆ ಹಾಕಿದ್ದೆ ಅನ್ನು."

ಉತು ನಕ್ಕ. ತನ್ನ ಹೆಣಕ್ಕೆ ತಾನೇ ಹುರಿ ಹೊಸೆದು ಕೊಡುವ ಭಾಗ್ಯ ಎಷ್ಟು ಮಕ್ಕಳಿಗೆ ಸಿಗುತ್ತದೆ? ಹಾಲುಹಲ್ಲು ಉದುರಿ ಹೊಸ ಹಲ್ಲು ತುಂಬಿಕೊಂಡ ವಯಸ್ಸು, ಅವನಿಗೆ ಇದೆಲ್ಲ ಹಬ್ಬದ ವೇಷದಂತೆ ಕಂಡಿತ್ತು. ಜಾಜುವಿಗೆ ಮಾತ್ರ ಆ ತೊಗಲಿನ ಕಡೆ ನೋಡಲು ಆಗುತ್ತಿರಲಿಲ್ಲ. ಜೊಂಡಿನ ಗೋಡೆಯ ಸಂದಿಯಲ್ಲಿ ಹೊರಗೆ ಕಣ್ಣಿಟ್ಟು ನಿಂತಿದ್ದಳು. ಹೊರಗೆ ಮಂಜು ಬಿಟ್ಟರೆ ಏನೂ ಇರಲಿಲ್ಲ. ಫಾಸಿಸ್ ನದಿಯ ಜೌಗಿನಲ್ಲಿ ಮಂಜಿಲ್ಲದ ದಿನವೇ ನೆನಪಿಡುವಂಥದ್ದು.

ಐದು ವರ್ಷಕ್ಕೊಮ್ಮೆ ಮೂಡಣದ ದೊಡ್ಡ ದೊರೆಗೆ ನಮ್ಮ ನಾಡಿನಿಂದ ನೂರು ಹುಡುಗರು, ನೂರು ಹುಡುಗಿಯರು ಹೋಗಬೇಕು. ಇದು ಕಪ್ಪವಲ್ಲ, ಕಾಣಿಕೆ, ನಾವಾಗಿ ಪ್ರೀತಿಯಿಂದ ಕೊಡುವುದು ಎಂದು ನಮ್ಮ ಸೀಮೆಯನ್ನಾಳುವ ಕೋಲಿನೊಡೆಯ ಹೇಳುತ್ತಾನೆ. ಪ್ರೀತಿಯ ವಿಷಯದಲ್ಲಿ ಅವನು ಧಾರಾಳಿ, ಅವನ ಮಕ್ಕಳು ಯಾರೂ ಹೋಗಿಲ್ಲ. ಹೋದ ಹುಡುಗರನ್ನು ಅಲ್ಲಿ ಹೋರಿಯನ್ನು ಎತ್ತು ಮಾಡಿದಂತೆ ಮಾಡಿ ರಾಣಿವಾಸದ ಬಾಗಿಲಿಗೆ ನಿಲ್ಲಿಸುತ್ತಾರಂತೆ. ಒಬ್ಬರೂ ಹಿಂದಿರುಗಿಲ್ಲ. ನಮ್ಮ ನಾಡನ್ನು ಕೊಲ್ಖಿಸ್ ಎಂದು ಕರೆಯುವ ಯವನ ವರ್ತಕರು ನದಿಯ ಬಾಯಿಯ ಪೇಟೆಗೆ ನಾರುಬಟ್ಟೆ ಕೊಳ್ಳಲು ಬಂದಾಗಲೆಲ್ಲ ಚಿನ್ನದ ಕುರಿತೊಗಲು ಎಲ್ಲಿದೆ ಎಂದು ಕೇಳುತ್ತಾರೆ. ಮಕ್ಕಳ ಸುದ್ದಿಯನ್ನೂ ಅವರಿಗೆ ಹೇಳಿದ್ದೇವೆ. ತಲೆದೂಗಿದ್ದಾರೆ, ಮತ್ತೆ ಬಟ್ಟೆಯನ್ನು ಮೊಳ ಹಾಕಿದ್ದಾರೆ.

ಈ ಸಲ ಜಾಜುವಿನ ಊರಿನ ಪಾಲಿಗೆ ಬಂದದ್ದು ಒಬ್ಬ ಹುಡುಗ. ತಂದೆಯಿಲ್ಲದವರು ಮೊದಲು ಎನ್ನುವುದು ಊರ ಹಿರಿಯ ಬೊಂದೋ ಮಾಡಿದ ಕಟ್ಟಳೆ. ಉತುವಿನ ಅಪ್ಪ ಸತ್ತು ಬಹಳ ಕಾಲವಾಗಿತ್ತು. ಹುಡುಗನಿಗೆ ಕೈಕಾಲು ನೆಟ್ಟಗಿತ್ತು, ಮುಖದಲ್ಲಿ ಕಳೆಯಿತ್ತು. ಬೊಂದೋ ಒಮ್ಮೆ ದಾರಿಯಲ್ಲಿ ನಿಲ್ಲಿಸಿ ಅವನ ಗಲ್ಲ ಎತ್ತಿ ನೋಡಿದ್ದ. ಹಿಂದಿನ ಸಲ ಪಕ್ಕದ ಊರಿನವನೊಬ್ಬ ಮಗನನ್ನು ಉಳಿಸಿಕೊಳ್ಳಲು ಅವನ ಬೆರಳು ಕತ್ತರಿಸಿದ್ದ. ಒಡೆಯನ ಆಳುಗಳು ಅಪ್ಪನ ಕೈಯನ್ನೇ ಕತ್ತರಿಸಿ, ಆ ಹುಡುಗನನ್ನೂ ಎಳೆದುಕೊಂಡು ಹೋದರು. ಊನ ಮಾಡಿ ಪ್ರಯೋಜನವಿರಲಿಲ್ಲ. ಸಾಯಿಸುವುದೊಂದೇ ಉಳಿದ ದಾರಿ.

"ನಿನ್ ಬದಲು ಯಾರ್ನ ಕೊಡ್ತಾರೆ?" ಎಂದು ಕೊಚೋಯ ಹೊಲಿಗೆ ಮುಗಿಸುತ್ತ ಉತುವನ್ನು ಕೇಳಿದ. ಕೇಳಬೇಕಾದವಳನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ.

"ನನಗೇನ್ ಗೊತ್ತು?"

"ಬೊಂದೋಗೆ ಗೊತ್ತಿರತ್ತೆ," ಎಂದಳು ಜಾಜು. ಅವಳಿಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ತಂದೆಯಿಲ್ಲದ ಹುಡುಗರು ಊರಲ್ಲಿ ಇಬ್ಬರೇ ಇದ್ದರು.

ಮಂಜು ಕವಿದಿದ್ದಾಗಲೇ ಕೊಚೋಯ ಹುಡುಗನನ್ನು ದೋಣಿಯಲ್ಲಿ ಮಲಗಿಸಿ, ಮೇಲೆ ಜೊಂಡು ಹೊದಿಸಿ, ಹಕ್ಕಿ ಹಿಡಿಯುವವರು ಬಿಟ್ಟುಹೋದ ಗುಡಿಸಲಿರುವ ದಿಬ್ಬಕ್ಕೆ ಬಿಟ್ಟು ಬಂದ. ಮಕ್ಕಳನ್ನು ಮೂಡಣಕ್ಕೆ ಸಾಗಿಸಿದ ಮೇಲೆ ಅವನನ್ನು ಗುಡ್ಡದ ಸೀಮೆಯ ತನ್ನ ಮನೆಗೆ ಕರೆದೊಯ್ಯುವುದು, ಜಾಜು ಆಮೇಲೆ ಮೆಲ್ಲಗೆ ಬಂದು ಸೇರಿಕೊಳ್ಳುವುದು, ಇಷ್ಟು ಅವರ ಮಾತು. ತಮ್ಮ ಬಂದು ತಲೆಯಾಡಿಸಿದ ಕೂಡಲೆ ಜಾಜು ಕೂದಲು ಬಿಚ್ಚಿ ಹಾಕಿ ಬಾಗಿಲಿಗೆ ಬಂದು ಕಿರುಚಿದಳು.

ಮೊದಲು ಓಡಿ ಬಂದವಳು ಮರೇಖಿ. ಪಕ್ಕದ ಮನೆಯವಳು, ಜಾಜುವಿನ ಓರಗೆಯವಳು, ಉತುವಿನ ಗೆಳೆಯ ಕ್ವಾಜಿಯ ತಾಯಿ. ಬಡಿಯುತ್ತಿದ್ದ ಅಗಸೆ ಕೈಯಲ್ಲೇ ಇತ್ತು.

"ಮೊನ್ನೆ ನನ್ ಮನೇಲಿ ನವಣೆ ಮುದ್ದೆ ಉಂಡ್ಕೊಂಡ್ ಹೋದ ಕೂಸು ಕಣೇ! ಇನ್ನೊಂದ್ ತುತ್ತು ಹಾಕು ಅತ್ತೆ ಅಂತ ಕೇಳ್ತು, ನಾನೇ ಸಾಕು ಹೋಗೋ ಅಂದೆ!" ಎಂದು ತೊಗಲಿನ ಮೇಲೆ ಬಿದ್ದು ಹೊರಳಾಡಿದಳು. "ಮುಖ ತೋರ್ಸೋ ಕೊಚೋಯ, ಒಂದ್ ಸಲ ಮುಖ ತೋರ್ಸು."

"ಬೇಡ ಮರೇಖಕ್ಕ. ಕಪ್ಪು ಜ್ವರ. ಮೈಯೆಲ್ಲ ಬಿರಿದಿದೆ. ನಿನ್ ಮಗನಿಗೂ ಅಂಟ್ಕೊಂಡ್ರೆ?"

ಮಗನ ಮಾತು ಬಂದದ್ದರಿಂದ ಅವಳು ಸುಮ್ಮನಾದಳು. ಕ್ವಾಜಿ ಬಾಗಿಲ ಹೊರಗೆ ನಿಂತು, ಒಳಗೆ ಬರಲಾಗದೆ, ಗೆಳೆಯನ ಮೀನುಗಾಳವನ್ನು ಸುತ್ತುತ್ತಿದ್ದ.

ನಮ್ಮಲ್ಲಿ ಹೆಂಗಸರು ಸತ್ತರೆ ಮಣ್ಣಿಗೆ, ಗಂಡಸರು ಸತ್ತರೆ ಮರಕ್ಕೆ. ಹಸಿ ತೊಗಲಿನಲ್ಲಿ ಹೊಲಿದು, ಊರಾಚೆಯ ತೋಪಿನ ಕೊಂಬೆಗೆ ಸರಪಣಿಯಿಂದ ತೂಗಿಬಿಡುತ್ತೇವೆ. ತಾಯಿಯ ತಮ್ಮ ತೊಗಲಿನ ಬಾಯಿ ಕಟ್ಟಬೇಕು, ಆ ಗಂಟನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಜಾಜುವಿನ ಯೋಜನೆಯೆಲ್ಲ ನಿಂತಿದ್ದುದು ಈ ಗಂಟಿನ ಮೇಲೆ. ತೋಪಿನಲ್ಲಿ ಊರವರೆಲ್ಲ ಅತ್ತರು. ಬೊಂದೋ ಕೂಡ ಮೂಗು ಒರೆಸಿಕೊಂಡ, ಆದರೆ ಅವನ ಕಣ್ಣು ಆಗಲೇ ಲೆಕ್ಕ ಹಾಕುತ್ತ ಗುಂಪಿನ ಮೇಲೆ ಓಡಾಡುತ್ತಿತ್ತು. ಜಾಜು ಸುಳ್ಳು ಅಳುವನ್ನೇ ಶುರು ಮಾಡಿದ್ದಳು. ಪಕ್ಕದ ಕೊಂಬೆಯಲ್ಲಿ ಗಂಡನ ತೊಗಲು ಒಣಗಿ ಮುದುರಿಕೊಂಡು ತೂಗಾಡುವುದನ್ನು ಕಂಡಾಗ ಅದು ನಿಜವಾಯಿತು.

ಎರಡು ದಿನ ಬಿಟ್ಟು ಒಡೆಯನ ಆಳುಗಳು ಬಂದರು. ಬೊಂದೋ ಹೆಚ್ಚು ಮಾತಾಡಲಿಲ್ಲ. ಗೊತ್ತುಮಾಡಿದ್ದ ಹುಡುಗ ಜ್ವರ ಬಂದು ಸತ್ತ ಎಂದ, ತೋಪಿನ ಕಡೆ ಕೈ ತೋರಿಸಿದ, ಆಮೇಲೆ ಅದೇ ಕೈಯನ್ನು ಕ್ವಾಜಿಯ ಕಡೆ ತಿರುಗಿಸಿದ.

ಮರೇಖಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳ ಗಂಡ ಯವನರ ಹಡಗಿನಲ್ಲಿ ಹುಟ್ಟು ಹಾಕಲು ಹೋಗಿ ಕಡಲಲ್ಲಿ ಮುಳುಗಿದವನು. ಅವನ ಕ್ರಿಯೆ ಮುಗಿಸಿದ ಮೇಲೂ, ಬಂದರೂ ಬರಬಹುದು ಎಂದು ಒಳಗೊಳಗೇ ನಂಬಿಕೊಂಡಿದ್ದವಳಿಗೆ ತನ್ನ ಮಗನನ್ನು ತಂದೆಯಿಲ್ಲದವನೆಂದು ಎಣಿಸಿಯೇ ಗೊತ್ತಿರಲಿಲ್ಲ. ಆಳು ಹುಡುಗನ ಬಾಯಿ ತೆರೆದು ಹಲ್ಲು ನೋಡುತ್ತಿದ್ದಾಗ ಅವಳು ಜಾಜುವಿನ ಎರಡೂ ತೋಳು ಹಿಡಿದುಕೊಂಡಳು.

"ನೀನಾದ್ರೂ ಹೇಳೇ. ನಿನ್ ಮಾತು ಕೇಳ್ತಾನೆ ಬೊಂದೋ. ಈಗ್ ತಾನೆ ಮಗನ್ನ ಕಳ್ಕೊಂಡಿದೀಯ, ನೀನ್ ಹೇಳಿದ್ರೆ ಕೇಳ್ತಾನೆ. ಹೇಳೇ, ಬಾಯ್ ಬಿಡೇ!"

ಜಾಜು ಬಾಯಿ ಬಿಡಲಿಲ್ಲ. ಕ್ವಾಜಿ ಅಳಲೂ ಇಲ್ಲ, ಹೊತ್ತೊಯ್ಯುವ ಕುರಿಮರಿಯಂತೆ ಕಾಲು ಇಳಿಬಿಟ್ಟುಕೊಂಡು ಆಳಿನ ಹೆಗಲ ಮೇಲಿಂದ ಅಮ್ಮನನ್ನೇ ನೋಡುತ್ತ ಹೋದ. ಎಲ್ಲ ಊರುಗಳ ಮಕ್ಕಳು ಕೂಡುವ ತನಕ ಅವರನ್ನು ನದಿಯ ಮೇಲಿನ ಕೋಟೆಯಲ್ಲಿ ಇರಿಸುತ್ತಾರೆ.

ಆಮೇಲೆ ಮರೇಖಿ ದಿನವೂ ಜಾಜುವಿನ ಮನೆಗೆ ಬಂದು ಕೂರತೊಡಗಿದಳು. ಇಬ್ಬರೂ ಮಗನನ್ನು ಕಳೆದುಕೊಂಡವರು, ಇನ್ನೆಲ್ಲಿಗೆ ಹೋಗುತ್ತಾಳೆ? ಜಾಜು ಬೇಯಿಸಿಟ್ಟಿದ್ದನ್ನು ಅವಳಿಗೆ ಉಣ್ಣಿಸಬೇಕು. ಅವಳು ಹೊರಟ ಮೇಲೆ ಉಳಿದದ್ದನ್ನು ಕಟ್ಟಿಕೊಂಡು ಕೊಚೋಯ ದಿಬ್ಬಕ್ಕೆ ಹೋಗಬೇಕು.

"ನೀನ್ ಪುಣ್ಯವಂತೆ ಕಣೇ," ಎಂದಳು ಮರೇಖಿ ಒಂದು ದಿನ. "ನಿನ್ ಮಗ ಇಲ್ಲೇ ಇದಾನೆ. ಬೇಕು ಅನ್ಸಿದ್ರೆ ತೋಪಿಗೆ ಹೋಗಿ ಕೂತ್ಕೋಬಹುದು. ನನ್ನೋನು ಅಲ್ಲಿ ಸತ್ರೆ ಹೆಂಗಸಿನ ಥರ ಮಣ್ಣಿಗ್ ತಳ್ತಾರೆ." ಸೊಂಟದ ಬಟ್ಟೆಯ ಗಂಟು ಬಿಚ್ಚಿ ಒಂದು ಕೂದಲ ಎಳೆ ತೆಗೆದಳು. ಮೊದಲ ಸಲ ತಲೆ ಬೋಳಿಸಿದಾಗ ಪ್ರತಿ ತಾಯಿಯೂ ಎತ್ತಿಡುವ ಕೂದಲು. "ಇದನ್ನ ನಿನ್ ಮಗನ್ ಜೊತೆ ಇಡ್ತೀನಿ. ತೊಗಲು ಪೂರಾ ಒಣಗೋಕೆ ಮುಂಚೆ."

ಹೆಣ ಸಿಗದವರಿಗೆ ನಮ್ಮಲ್ಲಿರುವ ದಾರಿ ಅದೊಂದೇ. ಕೂದಲನ್ನು ಇನ್ನೊಬ್ಬನ ತೊಗಲಿನೊಳಗೆ, ಅವನ ಕಿವಿಯ ಪಕ್ಕ ಇಟ್ಟು, ಹೋದವನ ಹೆಸರನ್ನು ಅಲ್ಲೇ ಪಿಸುಗುಟ್ಟಬೇಕು. ಆಗ ಅವನಿಗೂ ಮರದಲ್ಲಿ ಪಾಲು. ಯಾರಾದರೂ ಒಲ್ಲೆ ಎಂದದ್ದನ್ನು ನಾನು ಕೇಳಿಲ್ಲ. ಹಾಗೆ ನೋಡಿದರೆ ಮರೇಖಿಯ ಗಂಡನ ಕೂದಲೂ ಇದ್ದದ್ದು ಜಾಜುವಿನ ಗಂಡನ ತೊಗಲಿನಲ್ಲೇ.

"ಆಗ್ಲಿ," ಎಂದಳು ಜಾಜು. ಬೇರೆ ಏನು ಹೇಳುವುದು?

ಕೊಚೋಯ ಇದನ್ನು ಕೇಳಿ ತಲೆ ಚಚ್ಚಿಕೊಂಡ. "ಮೇಕೆ ಕಿವೀಲಿ ಆ ಹುಡುಗನ ಹೆಸರು ಹೇಳಿಸ್ತೀಯಾ ಅಕ್ಕ? ಅವನ ಜೀವ ಮೇಕೆ ಜೊತೆ ನೇತಾಡ್ಬೇಕಾ? ಇಂಥ ಪಾಪ ನನ್ ಕೈಲಿ ಕಟ್ಟಿಸ್ಬೇಡ."

"ಮೊದಲ್ನೇದನ್ನ ಕಟ್ಟಿದೀಯಲ್ಲ. ಅವಳ ಕೈ ಒಳಗೆ ಹೋಗದ ಹಾಗೆ ನೋಡ್ಕೋ. ಕೂದ್ಲು ನೀನೇ ಇಟ್ಬಿಡು."

ಮೂವರೂ ತೋಪಿಗೆ ಹೋದರು. ಮರೇಖಿ ತನ್ನ ದೋಣಿಯಲ್ಲಿ, ಅಕ್ಕನೂ ತಮ್ಮನೂ ಇನ್ನೊಂದರಲ್ಲಿ. ಕೊಚೋಯ ಸರಪಣಿ ಸಡಿಲಿಸಿ ತೊಗಲನ್ನು ನೆಲಕ್ಕಿಳಿಸಿದ. ನಾತ ಮೂಗಿಗೆ ಬಡಿಯಿತು. ಅದಕ್ಕೇನೂ ಯಾರೂ ಅನುಮಾನಪಡುವಂತಿರಲಿಲ್ಲ. ಗಂಟು ಬಿಚ್ಚಿ, ಬಾಯಿಯನ್ನು ಒಂದು ಕೈ ಹೋಗುವಷ್ಟೇ ತೆರೆದು, ತನ್ನ ಮೈ ಅಡ್ಡ ಮಾಡಿಕೊಂಡು ಕೂತ.

"ಕೊಡು ಮರೇಖಕ್ಕ. ನಾನ್ ಇಡ್ತೀನಿ. ಹೆಸರು ಇಲ್ಲಿಂದ್ಲೇ ಹೇಳು."

"ನೀನ್ ಯಾರೋ ಇಡೋಕೆ? ಹೆತ್ತೋಳು ನಾನಿಲ್ವಾ?" ಅವಳು ಅವನನ್ನು ಬದಿಗೆ ತಳ್ಳಿದಳು. "ಜ್ವರ ಅಂಟಿದ್ರೆ ಅಂಟ್ಲಿ ಬಿಡು. ಇನ್ ಯಾರಿಗೋಸ್ಕರ ಬದುಕ್ಬೇಕು."

ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಮೊಣಕೈ ತನಕ ಕೈ ಹಾಕಿದಳು. "ಉತು, ಮಗನೇ," ಎನ್ನುತ್ತ ತಲೆಯನ್ನು ಸವರಿದಳು, ಕಿವಿಯನ್ನು ಹುಡುಕಿದಳು. ತುಟಿ ಅಲುಗುತ್ತಿದ್ದದ್ದು ನಿಂತಿತು. ತೊಗಲಿನೊಳಗೆ ಅವಳ ಕೈ ಮೆಲ್ಲಗೆ ಹಿಂದೆ ಮುಂದೆ ಆಡುವುದು ಹೊರಗಿನಿಂದ ಕಾಣುತ್ತಿತ್ತು.

"ಇದೇನ್ ಕಿವಿನೇ ಇದು," ಎಂದಳು.

ಅವಳು ಕೈ ಹೊರಗೆಳೆದಳು. ಒದ್ದೆ ಬೆರಳುಗಳಿಗೆ ಒರಟು ಬಿಳಿ ರೋಮ ಮೆತ್ತಿಕೊಂಡಿತ್ತು. ಕೂದಲಿದ್ದ ಮುಷ್ಟಿ ಬಿಚ್ಚಿರಲಿಲ್ಲ.

"ಉತು ಎಲ್ಲಿ?"

ಕೊಚೋಯನ ಕೈ ಸೊಂಟದ ಚೂರಿಯ ಮೇಲಿತ್ತು. ತೋಪಿನಲ್ಲಿ ಬೇರೆ ಜನರಿರಲಿಲ್ಲ, ನೆಲ ಮೆತ್ತಗಿತ್ತು. "ಅಕ್ಕ, ಒಂದ್ ಮಾತ್ ಹೇಳು," ಎಂದ, ಜಾಜುವಿನ ಕಡೆ ನೋಡದೆ.

ಒಂದು ಗಳಿಗೆ ಜಾಜು ಸುಮ್ಮನೆ ನಿಂತಳು. ಆ ಗಳಿಗೆ ಅವಳ ಬಾಳಿನಲ್ಲಿ ಇತ್ತು, ಇಲ್ಲವೆನ್ನುವಂತಿಲ್ಲ. ಆಮೇಲೆ ಹೋಗಿ ತಮ್ಮನ ಮಣಿಕಟ್ಟು ಹಿಡಿದಳು.

"ಬದುಕಿದಾನೆ ಮರೇಖಿ. ಹಕ್ಕಿಯೋರ ದಿಬ್ಬದಲ್ಲಿ."

"ಬದುಕಿದಾನಾ?" ಮರೇಖಿಯ ಮುಖ ಅರಳಿತು. ಅವಳಿಗೆ ಬೇರೇನೂ ಹೊಳೆಯುವ ಮೊದಲೇ ಅರಳಿಬಿಟ್ಟಿತು. "ನಮ್ಮ ಉತು ಬದುಕಿದಾನಾ? ಅಯ್ಯೋ ತಾಯೀ!" ಎಂದು ಜಾಜುವನ್ನು ತಬ್ಬಿಕೊಳ್ಳಲು ಎದ್ದವಳು ಅರ್ಧದಲ್ಲೇ ನಿಂತಳು. ಕೈಗಳು ಹಾಗೇ ಕೆಳಗಿಳಿದವು. "ಅಂದ್ರೆ ನನ್ನೋನು..."

"ಹೂಂ."

"ಅವತ್ತು ನಿನ್ ತೋಳು ಹಿಡ್ಕೊಂಡಿದ್ದೆ ನಾನು."

"ಹೂಂ."

"ಹೂಂ ಅಂತೀಯಲ್ಲೇ ಮುಂಡೆ!" ಮರೇಖಿ ಅವಳ ಕೂದಲು ಹಿಡಿದು ಕೆಡವಿ, ಎದೆಯ ಮೇಲೆ ಕೂತು, ಸಾಕಾಗುವ ತನಕ ಹೊಡೆದಳು. ಜಾಜು ಮುಖಕ್ಕೆ ಕೈ ಅಡ್ಡ ಹಿಡಿಯಲಿಲ್ಲ. ಆಮೇಲೆ ಇಬ್ಬರೂ ಕೆಸರಿನಲ್ಲಿ ಏದುಸಿರು ಬಿಡುತ್ತ ಬಿದ್ದುಕೊಂಡರು.

"ಕೋಟೆಗೆ ಹೋಗಿ ಹೇಳಿದ್ರೆ ಇಬ್ರನ್ನೂ ಇಟ್ಕೋತಾರೆ ಮರೇಖಕ್ಕ," ಎಂದ ಕೊಚೋಯ. "ಬಂದಿದ್ದನ್ನ ಬಿಡೋ ಜನ ಅಲ್ಲ ಅವರು."

"ನಂಗೊತ್ತು ಕಣೋ. ನಾನೇನ್ ಪೆದ್ದಿ ಅಲ್ಲ." ಅವಳು ಎದ್ದು ಕೂತಳು. ಕೂದಲ ಎಳೆಗೆ ಮೆತ್ತಿದ್ದ ಮೇಕೆಯ ರೋಮವನ್ನು ಒಂದೊಂದಾಗಿ ಬಿಡಿಸಿ, ಎಳೆಯನ್ನು ಮತ್ತೆ ಸೊಂಟಕ್ಕೆ ಕಟ್ಟಿಕೊಂಡಳು. ಮಾತಾಡಿದಾಗ ದನಿ ತಣ್ಣಗಿತ್ತು. "ಜಾಜು, ನಿನ್ ಮಗ ಸತ್ತ. ಊರೆಲ್ಲ ಅತ್ತು ಮರಕ್ಕೆ ಕಟ್ಟಾಯ್ತು. ನಿನ್ ತಮ್ಮಾನೇ ಗಂಟು ಹಾಕಿದಾನೆ. ಆ ದಿಬ್ಬದ ಮೇಲಿರೋನು ಯಾರ ಮಗಾನೂ ಅಲ್ಲ. ಅವನನ್ನ ನಂಗೆ ಕೊಡು."

"ಮರೇಖಿ..."

"ಕಡಲ ದಂಡೇಲಿ ನಮ್ಮಣ್ಣ ಉಪ್ಪು ಕಾಯಿಸ್ತಾನೆ. ಕ್ವಾಜಿ ಹುಟ್ಟಿದ್ಮೇಲೆ ನಾನು ಅಲ್ಲಿಗ್ ಹೋಗಿಲ್ಲ, ಅವನ ಮುಖ ಯಾರೂ ಕಂಡಿಲ್ಲ. ನನ್ ಮಗ ಅಂತ ಕೈ ಹಿಡ್ಕೊಂಡ್ ಹೋದ್ರೆ ನನ್ ಮಗಾನೇ."

"ಎಷ್ಟ್ ದಿನ ಇಟ್ಕೋತೀಯ?"

"ನನ್ನೋನು ಎಷ್ಟ್ ದಿನಕ್ಕೆ ಹೋಗಿದಾನೆ?"

ಜಾಜು ಅವಳ ಕಾಲು ಹಿಡಿದಳು. "ನಾನೂ ಬರ್ತೀನಿ ಕಣೇ. ನಿನ್ ಮನೆ ಕಸ ಬಳ್ಕೊಂಡು, ಮೂಲೇಲಿ ಬಿದ್ದಿರ್ತೀನಿ. ಅಮ್ಮ ಅಂತ ನಿನ್ನೇ ಕರೀಲಿ."

"ಮೂಲೇಲಿ ನೀನಿದ್ರೆ ಅವನು ನನ್ನ ಯಾಕ್ ಕರೀತಾನೆ?" ಮರೇಖಿ ಕಾಲು ಬಿಡಿಸಿಕೊಂಡಳು. "ನೀನ್ ಇಲ್ಲೇ ಇರು. ನಿನ್ ಮಗನ್ನ ನೋಡ್ಕೊಂಡು. ಒಲ್ಲೆ ಅಂದ್ರೆ ಈಗ್ಲೇ ಹೇಳು, ಕೋಟೆ ಕಡೆ ದೋಣಿ ತಿರುಗಿಸ್ತೀನಿ. ನಂಗೇನೂ ಸಿಗಲ್ಲ ಅನ್ನೋದು ನಿಜ. ನಿಂಗೂ ಸಿಗಲ್ಲ."

ಜಾಜು ಆಗಲಿ ಎನ್ನಲಿಲ್ಲ. ಎದ್ದು ಹೋಗಿ ಮರೇಖಿಯ ದೋಣಿಯಲ್ಲಿ ಮುಂದೆ ಕೂತು, ದಾರಿ ತೋರಿಸಲು ಹುಟ್ಟು ಕೈಗೆತ್ತಿಕೊಂಡಳು. ಹಿಂದೆ ಕೊಚೋಯ ತೊಗಲಿನ ಬಾಯಿ ಕಟ್ಟುತ್ತ ಗಟ್ಟಿಯಾಗಿ ಅಳುತ್ತಿದ್ದ.

ದಿಬ್ಬದ ಅಂಚಿನಲ್ಲಿ ಉತು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಕೈಯಲ್ಲೊಂದು ನೀರುಕೋಳಿ, ಕಾಲು ಕಟ್ಟಿದ್ದು.

"ಅಮ್ಮಾ, ನಾನೇ ಹಿಡ್ದೆ! ಬಲೆ ಇಲ್ದೆ!" ಎಂದವನು ಹಿಂದೆ ಕೂತವಳನ್ನು ಕಂಡು ಹಲ್ಲು ಕಿರಿದ. "ಮರೇಖತ್ತೆಗೂ ಹೇಳ್ಬಿಟ್ಯಾ? ಅತ್ತೆ, ಕ್ವಾಜಿ ಬರ್ಲಿಲ್ವಾ?"

"ಅವನು ಮುಂದೆ ಹೋದ," ಎಂದಳು ಮರೇಖಿ. ಮುಖವನ್ನು ಆಚೆ ತಿರುಗಿಸಿಕೊಂಡಳು, ಮತ್ತೆ ಈಚೆ ತಿರುಗಿಸಲಿಲ್ಲ.

ಜಾಜು ಇಳಿದು ಮಗನ ತಲೆಯಲ್ಲಿದ್ದ ಜೊಂಡಿನ ಚೂರುಗಳನ್ನು ತೆಗೆದಳು. ತೆಗೆದು ಮುಗಿದ ಮೇಲೂ ಬೆರಳಾಡಿಸುತ್ತಲೇ ಇದ್ದಳು. ಅತ್ತೆಯ ಜೊತೆ ಕಡಲ ದಂಡೆಗೆ ಹೋಗಬೇಕು, ಅಲ್ಲಿ ಯಾರು ಕೇಳಿದರೂ ಅವಳ ಮಗ ಎನ್ನಬೇಕು, ಅವಳನ್ನೇ ಅಮ್ಮ ಎಂದು ಕರೆಯಬೇಕು ಎಂದು ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಅಷ್ಟು ದಿನ ಸುಳ್ಳು ಹೇಳಿ ರೂಢಿಯಾಗಿತ್ತು.

"ತೊಗಲಿನ ಆಟದ ಥರ?"

"ಹೂಂ. ಅದೇ ಥರ."

"ನಿನ್ ಬಾಯಿ ಯಾಕ್ ಊದಿದೆ?"

"ಬಿದ್ದೆ."

"ನೀನ್ ಯಾವಾಗ ಬರ್ತೀಯ?"

"ಅಗಸೆ ಕಿತ್ತು, ನೆನೆಸಿ, ಬಡಿದು ಮುಗೀಲಿ. ಆಮೇಲೆ."

"ಅಷ್ಟೊಂದ್ ದಿನಾನಾ?" ಉತು ಮುಖ ಸಣ್ಣ ಮಾಡಿದ. ಆದರೆ ಕಡಲು ನೋಡುವ ಆಸೆ ಅವನಿಗೆ ಹುಟ್ಟಿದಾಗಿನಿಂದ ಇತ್ತು. ನೀರುಕೋಳಿಯನ್ನು ಅಮ್ಮನ ಕೈಗಿಟ್ಟ. "ಇದನ್ನ ನೀನೂ ಮಾವಾನೂ ತಿನ್ನಿ. ಕಾಲು ಮಾವನಿಗ್ ಕೊಡ್ಬೇಡ, ನೀನೇ ತಿನ್ನು."

ಕೊಚೋಯ ಬಂದು ಕರೆದೊಯ್ಯುವ ತನಕ ಜಾಜು ದಿಬ್ಬದಲ್ಲೇ ಇರಬೇಕಾಗಿತ್ತು. ಮರೇಖಿ ಹುಟ್ಟು ಹಾಕಿದಳು. ದೋಣಿ ಜೊಂಡಿನ ಓಣಿಯೊಳಗೆ ಸರಿಯಿತು. ಉತು ದೋಣಿಯ ನಡುವೆ ಎದ್ದು ನಿಂತು ಎರಡೂ ಕೈ ಬೀಸತೊಡಗಿದ. ಮಂಜು ಅವನ ಕಾಲುಗಳನ್ನು ಮೊದಲು ನುಂಗಿತು, ಆಮೇಲೆ ಸೊಂಟದ ತನಕ ಬಂತು.

"ಕೂತ್ಕೊಳ್ಳೋ ಕ್ವಾಜಿ," ಎಂದ ಮರೇಖಿಯ ದನಿ ಕೇಳಿಸಿತು. "ದೋಣಿ ಮಗುಚತ್ತೆ."

ಬೀಸುತ್ತಿದ್ದ ಕೈಗಳು ಒಂದು ಕ್ಷಣ ಮೇಲೇ ನಿಂತವು. ಹುಡುಗ ನಕ್ಕದ್ದು ಕೇಳಿಸಿತು. ಆಟ ಶುರುವಾಯಿತೆಂದುಕೊಂಡಿರಬೇಕು.

"ಆಯ್ತಮ್ಮ," ಎಂದು ಕೂತ.

ನೀರಿನಲ್ಲಿ ಹುಟ್ಟಿನ ಸದ್ದು ಸ್ವಲ್ಪ ಹೊತ್ತು ಇತ್ತು. ಜಾಜುವಿನ ತೋಳಿನಲ್ಲಿ ನೀರುಕೋಳಿ ಮಿಸುಕಾಡಿತು. ಅವಳು ಅದನ್ನು ಎದೆಗೆ ಒತ್ತಿಕೊಂಡು, ಅದರ ಕಾಲಿಗೆ ಮಗ ಹಾಕಿದ್ದ ಗಂಟನ್ನು ಬೆರಳಿನಿಂದ ತಡವುತ್ತ ನಿಂತಳು. ಬಿಚ್ಚಲಿಲ್ಲ.